ದೋಣವ್ವನಿಗೆ ಹೇಳಿದ ಮಾತು

ನನಗೂ ನನ್ನ ಅಕ್ಕನ ಗಂಡನಿಗೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಭಾವ ಎಂದು ಬರೆದರೆ ಬೇರೆ ಯಾರೋ ಸಭ್ಯ ಮನುಷ್ಯನ ಬಗ್ಗೆ ಬರೆದಂತೆ ಆಗುತ್ತದೆ.

ಜಗಳಕ್ಕೆ ಕಾರಣ ಒಂದು ಪಟಗಾ. ರಬಕವಿಯಲ್ಲಿ ನಮ್ಮ ಕಾಕಾನ ಮಗಳ ಮದುವೆ ನಡೆದಿತ್ತು. ಆಯೇರಿಯ ಹೊತ್ತು, ಅಂದರೆ ಬೀಗರನ್ನೂ ಅಳಿಯಂದಿರನ್ನೂ ಸಾಲಾಗಿ ಕೂರಿಸಿ, ಬಟ್ಟೆ ಕೊಟ್ಟು, ತಲೆಗೆ ಪಟಗಾ ಸುತ್ತುವ ಹೊತ್ತು. ಮನೆತನದ ಹಿರಿಯ ಅಳಿಯನಿಗೆ ಮೊದಲು ಸುತ್ತಬೇಕು. ಆದರೆ ಸುತ್ತುವ ಕೆಲಸ ಹಿಡಿದಿದ್ದ ಕಾಕಾ, ಸೆಕೆ ತಾಳಲಾರದೆ, ಫ್ಯಾನಿನ ಕೆಳಗೆ ಕೂತಿದ್ದ ಕಿರಿಯ ಅಳಿಯನಿಂದ ಶುರು ಮಾಡಿಬಿಟ್ಟ. ಹಿರಿಯ ಅಳಿಯನಾದ ಮಾಮಾ ಧಡಕ್ಕನೆ ಎದ್ದು ನಿಂತ. ಪಕ್ಕದಲ್ಲಿದ್ದ ನಾನು, ಮೊದಲು ಸುತ್ತಿದರೇನು, ಆಮೇಲೆ ಸುತ್ತಿದರೇನು, ತಲೆ ಅದೇ ಅಲ್ಲವೇ ಅಂದೆ. ಈ ಮಾತಿನಲ್ಲಿ ತಪ್ಪೇನಿದೆ ಎಂದು ನನಗೆ ಇಂದಿಗೂ ತಿಳಿದಿಲ್ಲ. ಮಾಮಾ ಊಟ ಬಿಟ್ಟು ಹೊರಟ. ಮಂಟಪದ ಬಾಗಿಲಲ್ಲಿ ಅವನ ಚಪ್ಪಲಿ ಬೇಗ ಸಿಗಲಿಲ್ಲ. ಅಷ್ಟು ಹೊತ್ತಿನಲ್ಲಿ ಯಾರಾದರೂ ಹೋಗಿ ಕೈ ಹಿಡಿದು ಕೂರಿಸಬಹುದಿತ್ತು. ಎಲ್ಲರೂ ಜಿಲೇಬಿ ತಿನ್ನುವುದರಲ್ಲಿದ್ದರು.

ನಮ್ಮಲ್ಲಿ ಮಾತು ಬಿಡುವುದೆಂದರೆ ಸಂಬಂಧ ಬಿಡುವುದಲ್ಲ. ಸಂಬಂಧ ಬಿಟ್ಟರೆ ಸುಲಭ, ನೆಮ್ಮದಿಯಾಗಿ ಇರಬಹುದು. ಮಾತು ಬಿಟ್ಟವರು ಸತ್ತ ಮನೆಗೆ, ಗೃಹಪ್ರವೇಶಕ್ಕೆ, ತೊಟ್ಟಿಲಿಗೆ ಬಂದು ಒಂದೇ ಜಮಖಾನದ ಮೇಲೆ ಕೂರಲೇಬೇಕು. ಏನಾದರೂ ಹೇಳುವುದಿದ್ದರೆ ಮೂರನೆಯವರಿಗೆ ಹೇಳಬೇಕು. ಮೂರನೆಯವರು ಇಲ್ಲದಿದ್ದರೆ ಗೋಡೆಗೋ, ಕಂಬಕ್ಕೋ, ಎಮ್ಮೆಗೋ ಹೇಳಬೇಕು. ಕೇಳಬೇಕಾದವನು ಕೇಳಿಸಿಕೊಳ್ಳುತ್ತಾನೆ. ನೇರವಾಗಿ ಮೊದಲು ಮಾತಾಡಿದವನು ಸೋತ ಹಾಗೆ. ಜಮಖಂಡಿ ಕೋರ್ಟಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅಣ್ಣತಮ್ಮಂದಿರು ಒಂದೇ ದಾವೆಯ ಪ್ರತಿ ತೆಗೆಸಲು ಬಂದು, ಎಷ್ಟು ಪ್ರತಿ ಬೇಕೆಂದು ನನ್ನ ಮೆಷಿನ್ನಿನ ಮೂಲಕ ಪರಸ್ಪರ ಕೇಳಿಕೊಳ್ಳುವುದನ್ನು ದಿನಾ ನೋಡುತ್ತೇನೆ. ಹೀಗಾಗಿ ಈ ಕಲೆಯಲ್ಲಿ ನಾನು ಪಳಗಿದವನೇ.

ನಮ್ಮಿಬ್ಬರ ನಡುವೆ ಮೂರನೆಯವಳು ಅಕ್ಕ. ಅವಳ ಮನೆ ಬೀಳಗಿ ತಾಲೂಕಿನಲ್ಲಿ, ಘಟಪ್ರಭೆಯ ದಂಡೆಯ ಒಂದು ಊರಲ್ಲಿ. ನಾನು ಫೋನ್ ಮಾಡಿದರೆ ಅಕ್ಕ ಸ್ಪೀಕರ್ ಹಾಕುತ್ತಿದ್ದಳು. ಮಾಮಾ ಪಕ್ಕದಲ್ಲೇ ಇರುತ್ತಿದ್ದ. ಕಬ್ಬಿನ ಬಿಲ್ಲು ಬಂತೇ ಎಂದು ನಾನು ಅಕ್ಕನಿಗೆ ಕೇಳುವುದು. ಕಬ್ಬಿನ ಬಿಲ್ಲು ಬಂತೇ ಎಂದು ಅವನು ಕೇಳುತ್ತಾನೆ ಎಂದು ಅಕ್ಕ ಮಾಮಾನಿಗೆ ಹೇಳುವುದು. ಬಂತೆಂದು ಹೇಳು ಎಂದು ಮಾಮಾ ಅನ್ನುವುದು. ಬಂತಂತೆ ಎಂದು ಅಕ್ಕ ನನಗೆ ಅನ್ನುವುದು. ಒಂದು ಬಿಲ್ಲು ಬರಲು ಸಮೀರವಾಡಿ ಫ್ಯಾಕ್ಟರಿ ಎಷ್ಟು ತಡ ಮಾಡಿದರೂ ಈ ಮಾತುಕತೆಗಿಂತ ಬೇಗ.

ಅಕ್ಕನಿಗೆ ಸಾಕಾಯಿತು. ಒಂದು ಶ್ರಾವಣದಲ್ಲಿ ನಾನು ನಾಗರ ಪಂಚಮಿಗೆ ಕರೆಯಲು ಹೋದಾಗ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು: "ನೀವಿಬ್ಬರೂ ಬಾಯಿ ಬಿಟ್ಟು ಮಾತಾಡೂ ತನಕಾ ನಾ ಆ ಮನಿ ಹೊಸ್ತಲಾ ತುಳಿಯಂಗಿಲ್ಲ. ಅವ್ವಗ ಹೇಳು."

ಪಂಚಮಿಗೆ ಮಗಳು ತವರಿಗೆ ಬಾರದಿದ್ದರೆ ನಮ್ಮ ಕಡೆ ಅದು ಹಬ್ಬವೇ ಅಲ್ಲ. ಅವ್ವ ಎಳ್ಳುಂಡಿ, ಶೇಂಗಾದುಂಡಿ, ರವೆ ಉಂಡಿ ಕಟ್ಟಿ, ಡಬ್ಬಿಯಲ್ಲಿ ತುಂಬಿ, ಬೀಳಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದಳು. ಮುಂದಿನ ವರ್ಷವೂ ಹಾಗೇ, ಅದರ ಮುಂದಿನ ವರ್ಷವೂ ಹಾಗೇ. ಡಬ್ಬಿ ಖಾಲಿಯಾಗಿ ಮರಳಿ ಬಂದ ದಿನ ಅವ್ವ ಅದನ್ನು ತಿಕ್ಕುತ್ತ ತಿಕ್ಕುತ್ತ ಅಳುತ್ತಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಹಾಗೆಂದು ಹೋಗಿ ಮಾತಾಡಲೂ ಆಗುತ್ತಿರಲಿಲ್ಲ. ನಾನೇಕೆ ಮೊದಲು ಮಾತಾಡಲಿ? ಚಪ್ಪಲಿ ಹಾಕಿಕೊಂಡು ಹೋದವನು ಅವನು.

ಹೀಗಿರುವಾಗ ಒಬ್ಬ ನಿವೃತ್ತ ಸುಬೇದಾರ ತನ್ನ ಸರ್ಟಿಫಿಕೇಟುಗಳ ಗಂಟು ಹೊತ್ತು ನನ್ನ ಅಂಗಡಿಗೆ ಬಂದ. ಮುಧೋಳದ ಕಡೆಯವನು. ಮಿಲಿಟರಿಯಲ್ಲಿದ್ದಾಗ ಹಿಮಾಲಯದ ಹೊಳೆಗಳಲ್ಲಿ ದೋಣಿ ಓಡಿಸಿ ಪದಕ ಗೆದ್ದವನಂತೆ. ಕಾಗದ ಪ್ರತಿಯಾಗುವ ತನಕ ಅವನು ಕಾಗದ ನೋಡಲಿಲ್ಲ, ನನ್ನ ಹೊಟ್ಟೆ ನೋಡಿದ. ಎಷ್ಟು ತೂಕ ಎಂದು ಕೇಳಿದ. ಡಾಕ್ಟರೂ ಅದನ್ನೇ ಕೇಳಿ ಹೆದರಿಸಿದ್ದರಿಂದ ನಾನು ಸ್ವಲ್ಪ ಕಡಿಮೆಯೇ ಹೇಳಿದೆ. ಅವನು ಖುಷಿಯಾಗಿ, ಇಬ್ಬರು ಕೂರುವ ದೋಣಿಗೆ ಮುಂದುಗಡೆ ಇಂಥ ಆಸಾಮಿಯೇ ಬೇಕೆಂದ. ಘಟಪ್ರಭೆಗೆ ಅಡ್ಡ ಕಟ್ಟಿದ ಒಂದು ಸಣ್ಣ ಬಾಂದಾರವಿದೆ. ಮಳೆಗಾಲದಲ್ಲಿ ಅದರ ತಗಡುಗಳನ್ನು ತೆಗೆದರೆ ಕೆಳಗಿನ ಬಂಡೆಗಳ ನಡುವೆ ನೀರು ನೊರೆ ಕಾರುತ್ತ ಓಡುತ್ತದೆ. ನಾವೆಲ್ಲ ಅದನ್ನು ನೋಡಿ ಎಮ್ಮೆ ಹೊಡೆದುಕೊಂಡು ಮನೆಗೆ ಹೋಗುತ್ತಿದ್ದೆವು. ಇವನು ನೋಡಿ ಪಂದ್ಯ ಮಾಡಬಹುದು ಎಂದುಕೊಂಡಿದ್ದ. ಒಬ್ಬೊಬ್ಬರೇ ಕಾಲು ಚಾಚಿ ಕೂತು, ಎರಡೂ ತುದಿಗೆ ಹಲಗೆ ಇರುವ ಹುಟ್ಟು ಬೀಸುವುದು ಕಯಾಕ್. ಮಂಡಿಯೂರಿ ಕೂತು ಒಂದೇ ಹಲಗೆಯ ಹುಟ್ಟು ಹಾಕುವುದು ಕನೂ. ಹುಡುಗರೆಲ್ಲ ಕಯಾಕಿಗೆ ಸೇರಿದ್ದರು. ನಲವತ್ತು ದಾಟಿದವರ ಜೋಡಿ ಕನೂದಲ್ಲಿ ಮುಂದೆ ಕೂರಲು ಮಾತ್ರ ಯಾರೂ ಸಿಕ್ಕಿರಲಿಲ್ಲ. ಡಾಕ್ಟರ ಮಾತು ನೆನೆದು ನಾನು ಹೂಂ ಅಂದೆ.

ಮನೆಯಲ್ಲಿ ಹೇಳಿದಾಗ ಅವ್ವನಿಗೆ ಕನೂ ಎನ್ನುವುದು ಕ್ಯಾನು ಎಂದು ಕೇಳಿಸಿತು. ಹೊಳೆ ದಾಟುವವರು ಹೊಟ್ಟೆಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಈಜುವುದನ್ನು ಅವಳು ಕಂಡಿದ್ದಳು. ನನ್ನ ಮಗ ಕ್ಯಾನು ಕಟ್ಟಿಕೊಂಡು ರೇಸಿಗೆ ಬೀಳುತ್ತಾನಂತೆ ಎಂದು ಓಣಿಗೆಲ್ಲ ಹೇಳಿ ಬಂದಳು. ಮರುದಿನ ಪಕ್ಕದ ಕಿರಾಣಿ ಅಂಗಡಿಯವನು ಒಂದು ತೊಳೆದ ಕ್ಯಾನು ತಂದುಕೊಟ್ಟು ಹೋದ.

ಮೊದಲ ಭಾನುವಾರ ಬಾಂದಾರಕ್ಕೆ ಹೋದೆ. ಬಂಡೆಯ ಪಕ್ಕ ಒಂದು ಹಳದಿ ದೋಣಿ. ಅದರ ಹಿಂದುಗಡೆ ಲೈಫ್ ಜಾಕೆಟ್ ತೊಟ್ಟು, ಬಿಳಿ ಟೊಪ್ಪಿಗೆ ತೆಗೆಯದೆ, ಮಂಡಿಯೂರಿ ಕುಳಿತವನು ಮಾಮಾ. ಅವನ ಹೊಲ ಹೊಳೆಗೆ ಹತ್ತಿಕೊಂಡಿದೆ, ಈಜಿನಲ್ಲಿ ಗಟ್ಟಿಗ. ಸುಬೇದಾರ ಅವನನ್ನು ಎಂದೋ ಹಿಡಿದುಹಾಕಿದ್ದ. ನಮ್ಮ ಕಥೆ ಅವನಿಗೆ ಗೊತ್ತಿರಲಿಲ್ಲ. ಮಾಮಾ ನನ್ನನ್ನು ನೋಡಿ ಮುಖ ತಿರುಗಿಸಿದ, ಆದರೆ ಏಳಲಿಲ್ಲ. ಎದ್ದರೆ ಸೋತಂತೆ. ನಾನೂ ಮರಳಿ ಹೋಗಲಿಲ್ಲ, ಹೋದರೆ ನಾನು ಸೋತಂತೆ. ಇಬ್ಬರಿಗೂ ದೋಣಿ ಮೇಲೆ ಪ್ರೀತಿ ಇದ್ದು ಸೇರಿದ್ದಲ್ಲ ಎಂದು ಹೇಳಿಬಿಡುವುದು ವಾಸಿ. ಸುಬೇದಾರ ಬೇರೆ, ಮುಂದಿನವನಿಗೆ ಮೊದಲು ಎಂದು ಹೆಲ್ಮೆಟ್ ತಂದು ನನ್ನ ತಲೆಗೆ ಮೊದಲು ಹಾಕಿದ. ಮಾಮಾನ ಮುಖ ನೋಡುವ ಹಾಗಿತ್ತು. ನನ್ನ ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಹೆಲ್ಮೆಟ್ ಹಾಕಿಕೊಂಡಿಲ್ಲ.

ಈ ಆಟದಲ್ಲಿ ಹೊಳೆಯ ಮೇಲೆ ತಂತಿ ಎಳೆದು ಜೋಡಿ ಕೋಲುಗಳನ್ನು ತೂಗುಬಿಡುತ್ತಾರೆ. ಅದಕ್ಕೆ ಗೇಟು ಎನ್ನುತ್ತಾರೆ. ಹಸಿರು ಕೋಲಾದರೆ ನೀರಿನ ಜೊತೆ ಇಳಿಯುತ್ತ ನಡುವೆ ನುಗ್ಗಬೇಕು, ಕೆಂಪಾದರೆ ದೋಣಿ ತಿರುಗಿಸಿ ನೀರಿಗೆದುರಾಗಿ ನುಗ್ಗಬೇಕು. ಕೋಲು ಮುಟ್ಟಬಾರದು. ನಮ್ಮ ಕಡೆ ಗೇಟು ಎಂದರೆ ಡ್ಯಾಮಿನ ಗೇಟು ಒಂದೇ. ಸುಬೇದಾರ ಮೊದಲ ಸಲ ಗೇಟು ಬಂತು ಎಂದು ಕೂಗಿದಾಗ ಮಾಮಾ ಹುಟ್ಟು ಬಿಸಾಕಿ ದಂಡೆಗೆ ಹಾರಿದ್ದ. ನಾನು ನಗಲಿಲ್ಲ, ಯಾಕೆಂದರೆ ನಾನೂ ಹಾರಿದ್ದೆ.

ಜೋಡಿ ದೋಣಿಯಲ್ಲಿ ಮುಂದಿನವನು ಬಂಡೆ ಕಂಡು ಹೇಳಬೇಕು, ಹಿಂದಿನವನು ತಿರುಗಿಸಬೇಕು. ಎಡ, ಬಲ, ಹಿಂದೆ, ಇಷ್ಟೇ ಮಾತು. ಆದರೆ ಎಡ ಎಂದು ಬರೀ ಒಂದು ಶಬ್ದ ನನ್ನ ಬಾಯಿಂದ ಬಂದರೂ ಅದು ನೇರ ಮಾಮಾನಿಗೆ ಹೇಳಿದ ಮಾತು. ನಾಲ್ಕು ಜನರ ಮುಂದೆ ಸೋಲು. ಮೊದಲ ಎರಡು ವಾರ ನಾವು ಬಾಯಿ ಹೊಲಿದುಕೊಂಡು, ಸಿಕ್ಕ ಸಿಕ್ಕ ಬಂಡೆಗೆಲ್ಲ ಗುದ್ದಿದೆವು. ಸುಬೇದಾರ ಹಿಂದಿಯಲ್ಲಿ ಬೈದ, ಆಮೇಲೆ ಕನ್ನಡದಲ್ಲಿ ಬೈದ. ಮೂರನೆಯ ವಾರ ದಾರಿ ಹುಡುಕಿದವನು ಮಾಮಾ. ನೀರಿನ ಸದ್ದಿನ ಮೇಲೆ ಗಂಟಲೆತ್ತಿ, "ಏ ದೋಣವ್ವಾ, ಮುಂದಿನವಗ ಹೇಳು, ಹುಟ್ಟ ಆಳಕ್ಕ ಹಾಕಂತ" ಅಂದ.

ನನಗೆ ಒಳಗೊಳಗೇ ಮೆಚ್ಚುಗೆಯಾಯಿತು. ಅದನ್ನು ಹೇಳುವ ಹಾಗಿರಲಿಲ್ಲ. ಹಿಂದಿನವರಿಗೆ ಹೇಳು ದೋಣವ್ವಾ, ಹಾಕಾಕತ್ತೇನಿ ಎಂದು ನಾನೂ ಉತ್ತರ ಕೊಟ್ಟೆ. ಅಂದಿನಿಂದ ನಮ್ಮ ದೋಣಿ ಓಡತೊಡಗಿತು. ಬರಬರುತ್ತ ಹರಟೆಯೂ ಶುರುವಾಯಿತು. ಮಳೆ, ಕಬ್ಬಿನ ತಳಿ, ಮಂಡಿ ನೋವಿನ ಎಣ್ಣೆ, ತೇರದಾಳದ ಯಾವುದೋ ಬೀಗರ ಸೊಕ್ಕು, ಎಲ್ಲವನ್ನೂ ದೋಣವ್ವನಿಗೆ ಹೇಳಿಕೊಂಡೆವು. ಭಾನುವಾರ ಯಾವಾಗ ಬರುತ್ತದೆ ಎಂದು ಕಾಯುವ ಹಾಗಾಯಿತು. ನನಗೆ ಮಾಮಾ ಬೇಕಾಗಿದ್ದ. ಪಟಗಾದ ಮೊದಲು ನಾವು ಜಮಖಂಡಿ ಬಸ್‌ಸ್ಟ್ಯಾಂಡಿನ ಹೊಟೆಲಿನಲ್ಲಿ ಕೂತು ತಾಸುಗಟ್ಟಲೆ ಜಗತ್ತನ್ನು ಬೈಯುತ್ತಿದ್ದವರು. ಅಷ್ಟು ಛಲೋ ಬೈಯುವ ಇನ್ನೊಬ್ಬ ನನಗೆ ಸಿಕ್ಕಿರಲಿಲ್ಲ.

ಒಂದೇ ದೋಣಿಯಲ್ಲಿ ಕೂರುತ್ತಾರೆ ಎಂಬ ಸುದ್ದಿ ಅಕ್ಕನಿಗೆ ಮುಟ್ಟಿತು. ಪಂದ್ಯ ನಿಗದಿಯಾಗಿದ್ದು ಪಂಚಮಿಯ ಹಿಂದಿನ ಭಾನುವಾರಕ್ಕೆ. ಅಕ್ಕ ಅವ್ವನಿಗೆ ಫೋನ್ ಮಾಡಿ, ಅಂದು ತಾನೇ ಹೊಳೆಗೆ ಬರುವುದಾಗಿಯೂ, ಇಬ್ಬರೂ ಮಾತಾಡಿದ್ದನ್ನು ಕಿವಿಯಾರೆ ಕೇಳಿದರೆ ಪಂಚಮಿಗೆ ಮನೆಗೆ ಬರುವುದಾಗಿಯೂ ಹೇಳಿದಳು. ಅವ್ವ ಆ ಸಂಜೆಯೇ ಎಳ್ಳು ತೊಳೆದು ಮಾಳಿಗೆಯ ಮೇಲೆ ಹರವಿದಳು. ಅಷ್ಟು ಎಳ್ಳು ನೋಡಿ, ಮಾತಾಡಬೇಕು ಎಂದು ನಿರ್ಧರಿಸಿದೆ. ಆದರೆ ಮೊದಲು ಅವನು ಮಾತಾಡಲಿ ಎಂದೂ ನಿರ್ಧರಿಸಿದೆ.

ಪಂದ್ಯದ ದಿನ ದಂಡೆಯ ಮೇಲೆ ಜನವೋ ಜನ. ಬೆಳಗಾವಿಯಿಂದ, ದಾಂಡೇಲಿಯಿಂದ ಹುಡುಗ ಹುಡುಗಿಯರು ಬಂದಿದ್ದರು. ಅವರ ಕಯಾಕುಗಳು ನೊರೆಯಲ್ಲಿ ಮುಳುಗಿ, ಪಲ್ಟಿ ಹೊಡೆದು, ಮತ್ತೆ ಎದ್ದು ಕೋಲುಗಳ ನಡುವೆ ಸರ್ರನೆ ತೂರುತ್ತಿದ್ದವು. ನಮ್ಮ ವಿಭಾಗದಲ್ಲಿ ಇದ್ದದ್ದು ನಮ್ಮದೊಂದೇ ದೋಣಿ. ಕೊನೆಯ ತನಕ ಮುಟ್ಟಿದರೆ ಸಾಕು, ಬಹುಮಾನ ನಮ್ಮದೇ. ಹುನ್ನೂರಿನ ಕಡೆಯಿಂದ ಬಂದ ನನ್ನ ಗಿರಾಕಿಗಳಿಬ್ಬರು, ಹಾಗಾದರೆ ಇದು ರೇಸು ಹೇಗಾಯಿತು ಎಂದು ಕೇಳಿದರು. ಅಕ್ಕ ತನ್ನ ಊರಿನ ಹೆಂಗಸರ ಜೊತೆ ಬಾಂದಾರದ ಮೆಟ್ಟಿಲ ಮೇಲೆ ಕೂತಿದ್ದಳು. ಬನಹಟ್ಟಿ ಸೀರೆ ಉಟ್ಟಿದ್ದಳು, ಸೆರಗು ಕಿವಿಯ ಹಿಂದೆ ಸಿಕ್ಕಿಸಿದ್ದಳು. ಕೇಳಿಸಿಕೊಳ್ಳಲು ಬಂದವಳು ಎಂದು ದೂರದಿಂದಲೇ ಗೊತ್ತಾಗುತ್ತಿತ್ತು.

ಸೀಟಿ ಊದಿದರು. ಮೊದಲ ಹಸಿರು ಗೇಟು ದಾಟಿದೆವು. ಎರಡನೆಯದನ್ನೂ ದಾಟಿದೆವು. ಜನ ಚಪ್ಪಾಳೆ ತಟ್ಟಿದರು. ಮಾಮಾ ದೋಣವ್ವನಿಗೆ ಶಾಬಾಸ್ ಹೇಳಿದ. ಅಂದು ನೀರು ನಮ್ಮ ಅಭ್ಯಾಸದ ದಿನಗಳಿಗಿಂತ ಜೋರಾಗಿತ್ತು. ಕೆಂಪು ಗೇಟಿನ ಬಳಿ ನೀರಿನಡಿ ಒಂದು ಹೊಸ ಬಂಡೆ, ಬಲಗಡೆ. ನಾನು ನೋಡಿದೆ. ಎಡ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಬಾಯಿ ತೆರೆದು, ಎಂದಿನ ಕ್ರಮದಲ್ಲಿ, ದೋಣವ್ವಾ ಹಿಂದಿನವರಿಗೆ ಹೇಳು ಎಂದು ಶುರು ಮಾಡಿದೆ. ಬಂಡೆಯ ಹೆಸರು ಹೇಳುವ ಹೊತ್ತಿಗೆ ಬಂಡೆಯೇ ಬಂದಿತ್ತು. ದೋಣಿ ಅಡ್ಡವಾಯಿತು, ಎರಡೂ ಕೋಲುಗಳು ನನ್ನ ಮುಖಕ್ಕೆ ಬಡಿದವು, ಆಮೇಲೆ ಆಕಾಶ ಕೆಳಗೆ ಹೋಯಿತು.

ಮೂಗು ಬಾಯಿಗೆಲ್ಲ ಹೊಳೆಯ ಕೆಂಪು ನೀರು. ಮೇಲೆ ಬಂದು ಬೋರಲು ಬಿದ್ದ ದೋಣಿಯ ಅಂಚು ಹಿಡಿದುಕೊಂಡೆ. ಸುತ್ತ ನೋಡಿದೆ, ಮಾಮಾ ಇಲ್ಲ. ಅವನ ಬಿಳಿ ಟೊಪ್ಪಿಗೆ ಮಾತ್ರ ನೊರೆಯ ಮೇಲೆ ತಿರುಗುತ್ತ ಹೋಗುತ್ತಿತ್ತು. ಹೆಲ್ಮೆಟ್ಟಿನ ಕೆಳಗಿಂದ ಅದು ಹೇಗೆ ಹೊರಬಂತೋ, ಅದನ್ನು ಯೋಚಿಸುವ ಸ್ಥಿತಿ ನನ್ನದಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬಂತು. ನನಗೆ ಇದ್ದಷ್ಟು ಗಂಟಲಿನಿಂದ "ಮಾಮಾ" ಎಂದು ಕೂಗಿದೆ. ಮತ್ತೆ ಕೂಗಿದೆ. ನೀರಿನ ಸದ್ದನ್ನೂ ಮೀರಿ ಅದು ದಂಡೆಗೆ ಕೇಳಿಸಿತಂತೆ.

ದೋಣಿಯ ಆ ಬದಿಯಿಂದ, ಅಂದರೆ ನನಗೆ ಒಂದು ಮಾರು ಕೂಡ ದೂರವಿಲ್ಲದ ಕಡೆಯಿಂದ, ಕೆಮ್ಮುತ್ತ ಕೆಮ್ಮುತ್ತ ಒಂದು ಧ್ವನಿ ಬಂತು.

"ದೋಣವ್ವಾ, ಅವಗ ಹೇಳು, ನಾ ಇಲ್ಲೇ ಅದೀನಿ."

ನನಗೆ ಬಂದ ಸಿಟ್ಟು ಹೇಳತೀರದು. ಸತ್ತಿದ್ದರೆ ಅಳುತ್ತಿದ್ದೆ, ಬದುಕಿದ್ದ, ಕೊಲ್ಲಬೇಕು ಅನ್ನಿಸಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ನನ್ನ ಮಾತನ್ನು ಹೊಳೆಯಲ್ಲಿ ಹಾಕಿ ಸೋತಿದ್ದೆ, ಈ ಮನುಷ್ಯ ಮುಳುಗುತ್ತಲೂ ನಿಯಮ ಪಾಲಿಸುತ್ತಿದ್ದ. ದೋಣವ್ವನ ಮೂಲಕ ಅವನಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಅವನೂ ಉತ್ತರ ಕೊಟ್ಟ, ಅದನ್ನೂ ಬರೆಯುವಂತಿಲ್ಲ. ಸುಬೇದಾರನ ಹುಡುಗರು ಹಗ್ಗ ಎಸೆದು ನಮ್ಮನ್ನು ಮೊಣಕಾಲುದ್ದ ನೀರಿಗೆ ಎಳೆಯುವ ತನಕ ಇಬ್ಬರೂ ಬೋರಲು ಬಿದ್ದ ದೋಣಿಯ ಎರಡು ಬದಿಗೆ ಜೋತುಬಿದ್ದು ಬೈದಾಡುತ್ತಲೇ ಇದ್ದೆವು.

ಅಕ್ಕ ಸೀರೆಯನ್ನೂ ಎತ್ತಿಕೊಳ್ಳದೆ ನೀರಿಗಿಳಿದು ಬಂದಳು. ಮುಖ ಬೆಳ್ಳಗಾಗಿತ್ತು. ಮಾಮಾನ ಭುಜ ಮುಟ್ಟಿ ನೋಡಿದಳು, ನನ್ನ ಹಣೆಯ ಗಾಯ ಸೆರಗಿನಿಂದ ಒರೆಸಿದಳು. ಇನ್ನು ಬೈಯುತ್ತಾಳೆ ಎಂದುಕೊಂಡೆವು. ಬೈಯಲಿಲ್ಲ. ನಮ್ಮಿಬ್ಬರ ನಡುವೆ ಹೊಟ್ಟೆ ಮೇಲಾಗಿ ಬಿದ್ದಿದ್ದ ದೋಣಿಯ ಮೇಲೆ ಕೈ ಇಟ್ಟು, ಅದಕ್ಕೇ ಹೇಳಿದಳು.

"ದೋಣವ್ವಾ, ನಿನಗರ ಈಗ ತಿಳೀತಲ್ಲ? ಇಷ್ಟ ವರ್ಷ ಈ ಕೆಲಸ ನಾ ಮಾಡೀನಿ. ನೀ ಒಂದ ಮಳಿಗಾಲಕ್ಕ ಬೋರಲ ಬಿದ್ದಿ. ನನಗ ಬೋರಲ ಬೀಳಾಕೂ ಆಗಲಿಲ್ಲ. ಇವರಿಬ್ಬರಿಗೂ ಹೇಳು, ಇನ್ನ ನಾ ಇಬ್ಬರ ಕೂಡನೂ ಮಾತಾಡಂಗಿಲ್ಲ."

ಹೇಳಿ, ತಿರುಗಿ, ನೀರು ತುಳಿಯುತ್ತ ಹೋದಳು. ಮೆಟ್ಟಿಲ ಮೇಲಿದ್ದ ಹೆಂಗಸರು ಅವಳಿಗೆ ದಾರಿ ಬಿಟ್ಟರು. ಹಿಂದೆ ಒಮ್ಮೆಯೂ ನೋಡಲಿಲ್ಲ.

ನಾನು ದೋಣಿ ನೋಡುತ್ತ ನಿಂತೆ. ಹಳದಿ ಬಣ್ಣ, ಹೊಟ್ಟೆಯ ತುಂಬ ಗೀರು. ಸ್ಪೀಕರ್ ಹಾಕಿದ ಫೋನು ಹಿಡಿದು ಅಕ್ಕ ಎಷ್ಟು ಸಲ ಹೀಗೆ ನಮ್ಮ ನಡುವೆ ನಿಂತಿರಬೇಕು ಎಂದು ನನಗೆ ಆಗ ಮೊದಲ ಸಲ ಹೊಳೆಯಿತು. ನಾಚಿಕೆಯಾಯಿತು, ಅಳು ಬಂತು. ಮುಖವೆಲ್ಲ ಮೊದಲೇ ಒದ್ದೆಯಾಗಿದ್ದುದು ಅನುಕೂಲವಾಯಿತು. ಮಾಮಾ ಕೂಡ ದೋಣಿಯನ್ನೇ ನೋಡುತ್ತಿದ್ದ. ಸುಬೇದಾರನ ಹುಡುಗರು ಹಗ್ಗ ಸುತ್ತಿಕೊಂಡು ಹೋದ ಮೇಲೆ ತಲೆ ಎತ್ತಿದ. ದೋಣಿಯ ಮೇಲಿಂದ, ನೇರ ನನ್ನ ಮುಖ ನೋಡಿ ಕೇಳಿದ.

"ಈಗ ಏನ ಮಾಡೂಣೋ?"

"ಗೊತ್ತಿಲ್ಲೋ ಮಾಮಾ" ಅಂದೆ.

ಅಷ್ಟು ವರ್ಷದ ಮೇಲೆ ನಮ್ಮ ಮೊದಲ ಮಾತುಕತೆ ಇದು. ಕೇಳಬೇಕಾದವಳು ಅಷ್ಟೊತ್ತಿಗೆ ಬಸ್ಸು ಹತ್ತಿದ್ದಳು.

ಪಂಚಮಿಯ ಮುಂಜಾನೆ ಮಾಮಾನೇ ಅವಳನ್ನು ಬೈಕಿನ ಮೇಲೆ ಕರೆತಂದ. ಅವನು ಏನು ಹೇಳಿ ಒಪ್ಪಿಸಿದನೋ ನನಗೆ ತಿಳಿಯದು. ಅವಳು ಉತ್ತರ ಕೊಡದಿದ್ದರೂ ಇಡೀ ವಾರ ಒಬ್ಬನೇ ಮಾತಾಡಿದೆ ಎಂದಷ್ಟೇ ನನಗೆ ಹೇಳಿದ. ಅಕ್ಕ ಹೊಸ್ತಿಲು ತುಳಿದು ಒಳಗೆ ಬಂದಳು. ಅವ್ವ ಅವಳನ್ನು ಅಪ್ಪಿಕೊಂಡು, ಎಲ್ಲರ ಮುಂದೆ ಜೋರಾಗಿ ಅತ್ತಳು. ನಮ್ಮಿಬ್ಬರ ಕಡೆ ಅಕ್ಕ ನೋಡಲೂ ಇಲ್ಲ. ನಾಗಪ್ಪನಿಗೆ ಹಾಲೆರೆದಳು, ಉಂಡಿ ತಿಂದಳು, ಓಣಿಯವರ ಜೊತೆಯೆಲ್ಲ ನಕ್ಕಳು. ನಾನು, ಮಾಮಾ ಪಡಸಾಲೆಯಲ್ಲಿ ಎದುರುಬದುರು ಕೂತು ಮಾತಾಡಿದೆವು. ಅಡುಗೆಮನೆಗೆ ಕೇಳಲಿ ಎಂದು ಗಟ್ಟಿಯಾಗಿ ಮಾತಾಡಿದೆವು. ಮಾತು ಮುಗಿದಾಗ ಹಳೆಯದನ್ನೇ ಮತ್ತೆ ಆಡಿದೆವು. ಒಳಗಿಂದ ಪಾತ್ರೆಗಳ ಸದ್ದು ಬಿಟ್ಟರೆ ಏನೂ ಬರಲಿಲ್ಲ.

ಇಳಿಹೊತ್ತಿನಲ್ಲಿ ಹಿತ್ತಲಿನ ಬೇವಿನ ಮರಕ್ಕೆ ಹಗ್ಗ ಹಾಕಿ ಜೋಕಾಲಿ ಕಟ್ಟಿದ್ದರು. ಓಣಿಯ ಹೆಣ್ಣುಮಕ್ಕಳೆಲ್ಲ ಆಡಿ ಹೋದ ಮೇಲೆ ಅಕ್ಕ ಒಬ್ಬಳೇ ಹೋಗಿ ಅದರ ಮೇಲೆ ಕೂತಳು. ನೆಲಕ್ಕೆ ಕಾಲು ತಾಗಿಸಿ ಸುಮ್ಮನೆ ಕೂತೇ ಇದ್ದಳು. ನಾನೂ ಮಾಮಾನೂ ಬಾಗಿಲಲ್ಲಿ ನಿಂತು, ಅವಳಿಗೆ ಕೇಳಲಿ ಎಂದು, ಹೊಳೆಯ ನೀರು ಎಷ್ಟು ಇಳಿದಿದೆ ಎಂಬ ಮಾತು ಶುರು ಮಾಡಿದೆವು.

ಅಕ್ಕ ನಮ್ಮ ಕಡೆ ತಿರುಗಿದಳು.

"ಇಬ್ಬರೂ ಬಂದ ತೂಗ್ರಿ" ಅಂದಳು. "ಬಾಯಿ ಮುಚಗೊಂಡ ತೂಗ್ರಿ."

ನಾವು ಓಡಿಹೋಗಿ ಒಬ್ಬೊಬ್ಬರು ಒಂದೊಂದು ಹಗ್ಗದ ಕಡೆ ನಿಂತು ತೂಗಿದೆವು. ಅಕ್ಕ ಬೇವಿನ ಎಲೆಗಳ ತನಕ ಹೋಗಿ ಬಂದಳು, ಮತ್ತೆ ಹೋದಳು. ಅವಳ ತಲೆ ಇಷ್ಟು ನರೆತದ್ದು ನನಗೆ ಗೊತ್ತೇ ಇರಲಿಲ್ಲ. ಇನ್ನೂ ಜೋರಾಗಿ ಎಂದು ಅವಳು ಮತ್ತೆ ಮತ್ತೆ ಹೇಳುತ್ತಿದ್ದಳು. ಕತ್ತಲಾಗುವ ತನಕ ನಾವಿಬ್ಬರೂ ಒಂದು ಮಾತೂ ಆಡದೆ ತೂಗುತ್ತಲೇ ಇದ್ದೆವು.